ಪಗಾರಕ್ಕೂ ಶಾಂತಿಗೂ ಎಲ್ಲಿಯ ನಂಟು?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ತಿಂಗಳು ತುಂಬಿದರೆ ನಮ್ಮ ಕಡೆ ‘ಪಗಾರ ಆಯಿತೇ?’ ಎಂದು ಕೇಳುತ್ತೇವೆ; ಮಂಗಳೂರಿನ ನಮ್ಮ ಬೀಗರು ‘ಸಂಬಳ’ ಎನ್ನುತ್ತಾರೆ. ‘ಪಗಾರ’ ಪೋರ್ಚುಗೀಸರಿಂದ ಬಂದ ಮಾತೆಂದು ಕೆಲವರು ಹೇಳಿದರೆ, ಸಂಸ್ಕೃತದ ‘ಪ್ರಕಾರ’ ಶಬ್ದದ ತದ್ಭವವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಯಾವುದು ಸರಿ? ಪೋರ್ಚುಗೀಸರಿಗಾದರೂ ಅದು ಎಲ್ಲಿಂದ ಬಂತು?

ಉತ್ತರ: ಪೋರ್ಚುಗೀಸ್ ಎನ್ನುವವರ ಪಕ್ಷವೇ ಸರಿ. ‘ಪ್ರಕಾರ’ವು ‘ಪಗಾರ’ ಆಗುವುದು ಧ್ವನಿಯ ಮಟ್ಟಿಗೆ ಅಸಾಧ್ಯವೇನಲ್ಲ. ಎರಡು ಸ್ವರಗಳ ನಡುವೆ ಸಿಕ್ಕ ಕಕಾರ ಗಕಾರವಾಗುವುದನ್ನು ‘ಆಕಾಶ–ಆಗಸ’, ‘ಮೂಕ–ಮೂಗ’ ಎಂಬ ಜೋಡಿಗಳಲ್ಲಿ ನಾವೆಲ್ಲ ಶಾಲೆಯಲ್ಲಿಯೇ ಓದಿದ್ದೇವೆ. ಆದರೆ ‘ರೀತಿ’ ಎಂಬ ಅರ್ಥದಿಂದ ‘ತಿಂಗಳ ದುಡ್ಡು’ ಎಂಬ ಅರ್ಥಕ್ಕೆ ದಾಟಲು ಅಲ್ಲಿ ಯಾವ ಸೇತುವೆಯೂ ಇಲ್ಲ. ದುಡಿಮೆಯ ಪ್ರತಿಫಲಕ್ಕೆ ಹಳೆಯ ಕನ್ನಡದಲ್ಲಿ ‘ಜೀವಿತ’ ಎಂಬ ಮಾತಿತ್ತು, ನಮ್ಮ ‘ಜೀತ’ ಅದರ ಸವೆದ ರೂಪ. ‘ಸಂಬಳ’ವಾದರೋ ‘ಶಂಬಲ’ ಎಂಬ ಸಂಸ್ಕೃತ ಶಬ್ದದಿಂದ ಬಂದದ್ದು, ಅದರ ಮೊದಲ ಅರ್ಥ ದಾರಿಬುತ್ತಿ. ‘ಪಗಾರ’ ಇವುಗಳ ಸಾಲಿನದಲ್ಲ. ಕೊಂಕಣಿ, ಮರಾಠಿ, ಗುಜರಾತಿ ಎಂಬ ಪಶ್ಚಿಮ ಕರಾವಳಿಯ ಭಾಷೆಗಳಲ್ಲಿಯೂ ಅವುಗಳ ನೆರೆಯ ಕನ್ನಡದಲ್ಲಿಯೂ ಅದು ಬೇರೂರಿದೆ. ಮೈಸೂರಿನ ಕಡೆ ಹೋದಂತೆ ‘ಸಂಬಳ’ ಅದರ ಜಾಗವನ್ನು ಹಿಡಿಯುತ್ತದೆ. ಪೋರ್ಚುಗೀಸಿನಲ್ಲಿ ‘ಪಗಾರ್’ ಎಂದರೆ ‘ಹಣ ಕೊಡು, ಸಲ್ಲಿಸು’ ಎಂಬ ಕ್ರಿಯಾಪದ. ಏಷ್ಯಾದ ಭಾಷೆಗಳಲ್ಲಿ ಸೇರಿಹೋದ ಪೋರ್ಚುಗೀಸ್ ಪದಗಳ ಮೇಲೆ ಗೋವೆಯ ಭಾಷಾವಿದ್ವಾಂಸ ಸೆಬಾಸ್ಟಿಯಾಂವ್ ರೊಡಾಲ್ಫೊ ದಾಲ್ಗಾದೊ 1913ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮೇಜು, ಜನೇಲು, ಚಾವಿ, ಪಾದ್ರಿ ಮುಂತಾದವುಗಳ ಬಳಗಕ್ಕೆ ಸೇರಿದ್ದು ನಿಮ್ಮ ಪಗಾರ.

ಕ್ರಿಯಾಪದ ನಾಮಪದವಾದದ್ದು ಹೇಗೆ ಎಂದು ನೀವು ಕೇಳಬಹುದು. ಪೋರ್ಚುಗೀಸಿನಲ್ಲಿ ಕ್ರಿಯೆಯ ಮೂಲರೂಪವನ್ನೇ ಹೆಸರಾಗಿ ಬಳಸುವುದು ಸಾಮಾನ್ಯ: ‘ಜಾಂತಾರ್’ ಎಂದರೆ ರಾತ್ರಿಯ ಊಟ ಮಾಡುವುದೂ ಹೌದು, ಆ ಊಟವೂ ಹೌದು, ‘ಪೊದೇರ್’ ಎಂದರೆ ಶಕ್ತನಾಗಿರುವುದೂ ಹೌದು, ಅಧಿಕಾರವೂ ಹೌದು. ಹಡಗಿನ ಮೇಲೆ, ಗೋದಾಮಿನಲ್ಲಿ, ಕೋಟೆ ಕಟ್ಟುವಲ್ಲಿ ದುಡಿದವರ ಕಿವಿಗೆ ವಾರಕ್ಕೋ ತಿಂಗಳಿಗೋ ಒಮ್ಮೆ ಬೀಳುತ್ತಿದ್ದ ‘ಪಗಾರ್’ ಎಂಬ ಮಾತು ಕೈಗೆ ಬಂದ ದುಡ್ಡಿನ ಹೆಸರಾಗಿ ನಿಂತದ್ದರಲ್ಲಿ ಅಚ್ಚರಿಯಿಲ್ಲ.

ಅದು ಕಾರವಾರಕ್ಕೆ ಯಾವ ದಾರಿಯಿಂದ ಬಂತು ಎಂಬ ವಿಚಾರದಲ್ಲಿ ಮಾತ್ರ ಅವಸರದ ತೀರ್ಮಾನ ಬೇಡ. ನಿಮ್ಮ ಊರಿನ ಎದುರಿನ ಅಂಜದೀವ್ ದ್ವೀಪದಲ್ಲಿ ವಾಸ್ಕೊ ಡ ಗಾಮ 1498ರಲ್ಲಿ ತಂಗಿದ್ದನು, 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದನು, 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಆದ್ದರಿಂದ ನೇರವಾಗಿ ಕಡಲಿನಿಂದಲೂ ಕೊಂಕಣಿಯ ಮೂಲಕವೂ ಆ ಮಾತು ಬಂದಿರಬಹುದು. ಆದರೆ ಪೋರ್ಚುಗೀಸರು ಆಳದ ಧಾರವಾಡ, ಬೆಳಗಾವಿಗಳಲ್ಲಿಯೂ ‘ಪಗಾರ’ವೇ ರೂಢಿ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ನಿಮ್ಮ ಮನೆಯ ಪಗಾರಕ್ಕೂ ಬೀಗರ ಮನೆಯ ಸಂಬಳಕ್ಕೂ ನಡುವಿನ ಗಡಿಯನ್ನು ಎಳೆದದ್ದು ಬಹುಮಟ್ಟಿಗೆ ಮುಂಬಯಿ ಪ್ರಾಂತ್ಯದ ಕಚೇರಿಗಳ ಮರಾಠಿ ಎಂದು ನನ್ನ ಎಣಿಕೆ. ಕಡಲಿನ ದಾರಿ ಅದಕ್ಕೆ ಮೊದಲೇ ತೆರೆದಿದ್ದಿರಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪೋರ್ಚುಗೀಸ್ ‘ಪಗಾರ್’ ಲ್ಯಾಟಿನ್ನಿನ ‘ಪಾಕಾರೆ’ ಎಂಬ ಕ್ರಿಯಾಪದದ ಮಗ. (ಅಡುಗೆಯ ‘ಪಾಕ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರ ಲ್ಯಾಟಿನ್ ದಾಯಾದಿ ‘ಕೊಕ್ವೆರೆ’ ಎಂಬ ಬೇರೊಂದು ಪದ.) ‘ಪಾಕಾರೆ’ ಹುಟ್ಟಿದ್ದು ‘ಪಾಕ್ಸ್’ ಎಂಬ ನಾಮಪದದಿಂದ, ‘ಪಾಕ್ಸ್’ ಎಂದರೆ ಶಾಂತಿ. ಹಾಗಾಗಿ ‘ಪಾಕಾರೆ’ ಎಂದರೆ ಶಾಂತಗೊಳಿಸು. ಆದರೆ ರೋಮನರ ಶಾಂತಿಯನ್ನು ನಮ್ಮ ಶಾಂತಿಮಂತ್ರದ ಕಿವಿಯಿಂದ ಕೇಳಿಸಿಕೊಳ್ಳಬಾರದು. ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 57ರ ದಂಡಯಾತ್ರೆಯ ಕೊನೆಯಲ್ಲಿ ‘ಇಡೀ ಗಾಲ್ ದೇಶ ಶಾಂತಗೊಂಡ ಮೇಲೆ’ ಎಂದು ಬರೆಯುತ್ತಾನೆ (ಗಾಲ್ ಎಂದರೆ ಹೆಚ್ಚುಕಡಿಮೆ ಇಂದಿನ ಫ್ರಾನ್ಸ್), ಅಲ್ಲಿ ಬಳಸಿದ್ದು ಇದೇ ಕ್ರಿಯಾಪದದ ಭೂತಕೃದಂತವನ್ನು. ಊರುಗಳು ಉರಿದು, ಸೋತವರನ್ನು ಗುಲಾಮರಾಗಿ ಮಾರಿದ ಮೇಲಿನ ಶಾಂತಿ ಅದು. ಅದೂ ನಿಲ್ಲಲಿಲ್ಲ, ಕ್ರಿಸ್ತಪೂರ್ವ 52ರಲ್ಲಿ ವೆರ್ಕಿಂಗೆತೊರಿಕ್ಸ್‌ನ ನೇತೃತ್ವದಲ್ಲಿ ಗಾಲ್ ಮತ್ತೆ ದಂಗೆಯೆದ್ದಿತು. ಅಗಸ್ಟಸ್ ಚಕ್ರವರ್ತಿ ತನ್ನ ಸಾಧನೆಗಳನ್ನು ತಾನೇ ಪಟ್ಟಿಮಾಡಿ ಕೆತ್ತಿಸಲು ಹೇಳಿದ ಶಾಸನವೊಂದಿದೆ, ಅದರ ಪ್ರತಿ ಇಂದಿನ ಟರ್ಕಿಯ ಅಂಕಾರದ ದೇವಾಲಯದ ಗೋಡೆಯ ಮೇಲೆ ಉಳಿದಿದೆ. ಅದರಲ್ಲಿ ‘ಮಾರೆ ಪಾಕಾವಿ ಆ ಪ್ರೇದೋನಿಬುಸ್’ ಎಂಬ ವಾಕ್ಯ ಬರುತ್ತದೆ: ‘ಕಡಲ್ಗಳ್ಳರಿಂದ ಕಡಲನ್ನು ಶಾಂತಗೊಳಿಸಿದೆನು.’ ಇಲ್ಲಿಯೂ ‘ಅಡಗಿಸಿದೆನು’ ಎಂದು ಅನುವಾದಿಸಿದರೆ ತಪ್ಪಾಗದು. ಮರುಭೂಮಿಯನ್ನು ಮಾಡಿ ಅದಕ್ಕೆ ಶಾಂತಿಯೆಂದು ಹೆಸರಿಡುತ್ತಾರೆ ಎಂಬ ಕಹಿಮಾತನ್ನು ರೋಮನರ ವೈರಿಯೊಬ್ಬನ ಬಾಯಲ್ಲಿ ಆಡಿಸಿದವನು ರೋಮಿನವನೇ ಆದ ಇತಿಹಾಸಕಾರ ತಾಸಿತುಸ್.

ದಂಡನಾಯಕನ ಈ ಮಾತು ಸಾಲಗಾರನ ಮಾತಾದದ್ದು ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಕುಸಿದ ಆಚೀಚಿನ ಶತಮಾನಗಳಲ್ಲಿ. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೂಗಾಡುತ್ತಾನೆ, ಅವನನ್ನು ಸುಮ್ಮನಾಗಿಸಬೇಕು, ಸುಮ್ಮನಾಗಿಸಲು ಇರುವ ಉಪಾಯ ಅವನ ಬಾಕಿಯನ್ನು ಕೊಡುವುದು. ಬದಲಾವಣೆ ಎಷ್ಟು ಸೂಕ್ಷ್ಮವಾಗಿ ನಡೆಯಿತು ಎಂಬುದನ್ನು ವಿಭಕ್ತಿಗಳಲ್ಲಿ ನೋಡಬೇಕು. ಮೊದಲು ‘ಸಾಹುಕಾರನನ್ನು ಶಾಂತಗೊಳಿಸಿದನು’ ಎಂಬ ವಾಕ್ಯವಿತ್ತು, ಅಲ್ಲಿ ಮನುಷ್ಯನೇ ಕರ್ಮ. ಅನಂತರ ‘ಸಾಹುಕಾರನನ್ನು ಹಣದಿಂದ ಶಾಂತಗೊಳಿಸಿದನು’ ಎಂದಾಯಿತು. ಹಣ ತೃತೀಯಾ ವಿಭಕ್ತಿಯಲ್ಲಿ, ಸಾಧನವಾಗಿ ಒಳಗೆ ಬಂತು. ಕೊನೆಗೆ ಸಾಧನವೇ ಕರ್ಮದ ಪೀಠವನ್ನೇರಿ, ಮನುಷ್ಯ ಚತುರ್ಥಿಗೆ ಸರಿದು, ‘ಸಾಹುಕಾರನಿಗೆ ಹಣವನ್ನು ಕೊಟ್ಟನು’ ಎಂದು ನಿಂತಿತು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನಲ್ಲಿ ‘ಪಗಾರ್’ ಇಂದು ಮುಖ್ಯವಾಗಿ ಈ ಕೊನೆಯ ಮೆಟ್ಟಿಲಿನಲ್ಲಿದೆ. ಫ್ರೆಂಚಿನ ‘ಪೆಯೆ’ ಮತ್ತು ಇಟಾಲಿಯನ್ನಿನ ‘ಪಗಾರೆ’ ಎರಡೂ ಮೆಟ್ಟಿಲುಗಳ ಮೇಲೆ ಕಾಲಿಟ್ಟಿವೆ; ಕೆಲಸದವನನ್ನೂ ‘ಪೆಯೆ’ ಮಾಡಬಹುದು, ಬ್ರೆಡ್ಡಿನ ಬೆಲೆಯನ್ನೂ ‘ಪೆಯೆ’ ಮಾಡಬಹುದು.

ಇದಕ್ಕೆ ಆ ಕಾಲದ ಕಾನೂನಿನ ಒತ್ತಾಸೆಯೂ ಇತ್ತೆಂದು ತೋರುತ್ತದೆ. ರೋಮನರ ಅನಂತರ ಗಾಲ್ ದೇಶವನ್ನಾಳಿದ ಜರ್ಮನ್ ಕುಲದ ಫ್ರಾಂಕರ ಸಾಲಿಕ್ ಕಾನೂನಿನಲ್ಲಿ ಕೊಲೆಗೂ ಗಾಯಕ್ಕೂ ಇಂತಿಷ್ಟು ದಂಡವೆಂದು ಗೊತ್ತುಮಾಡಿತ್ತು. ಆ ಹಣವನ್ನು ನೊಂದ ಮನೆಯವರಿಗೆ ಕೊಟ್ಟರೆ ಅವರು ಸೇಡನ್ನು ಬಿಡಬೇಕು. ಅದರಲ್ಲಿ ಮೂರರಲ್ಲೊಂದು ಪಾಲು ಅರಸನಿಗೆ ಸಲ್ಲುತ್ತಿತ್ತು, ಆ ಪಾಲಿಗೆ ‘ಫ್ರೆದುಸ್’ ಎಂದು ಹೆಸರು, ಅದು ಜರ್ಮನ್ ಕುಲದ ‘ಶಾಂತಿ’ ಎಂಬ ಶಬ್ದದಿಂದಲೇ ಬಂದದ್ದು. ಹಣ ಕೊಡುವುದು ಮತ್ತು ಜಗಳ ನಿಲ್ಲಿಸುವುದು ಒಂದೇ ಕ್ರಿಯೆಯಾಗಿದ್ದ ಸಮಾಜದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಯಿತು. ಕಾರವಾರ, ಅಂಕೋಲೆಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟವರ ಬಾಯಲ್ಲಿ ‘ಪರಿಹಾರ’ ಎಂದರೆ ಹಣ. ಅದೇ ಶಬ್ದ ಬೇರೆಡೆ ಸಂಕಟದ ನಿವಾರಣೆ, ಸಮಸ್ಯೆಯ ಬಿಡುಗಡೆ. ಹಣ ಸಿಕ್ಕಿತು, ಸಂಕಟ ಪರಿಹಾರವಾಗಲಿಲ್ಲ ಎನ್ನುವ ಸಂದರ್ಭಗಳೂ ಉಂಟು, ಸೀಸರನ ‘ಶಾಂತಗೊಂಡ’ ಗಾಲ್‌ನಲ್ಲಿ ಶಾಂತಿ ಇಲ್ಲದಿದ್ದಂತೆಯೇ.

ಧ್ವನಿಯ ಕಥೆ ಸರಳ. ಪಶ್ಚಿಮದ ರೋಮಾನ್ಸ್ ಭಾಷೆಗಳಲ್ಲಿ, ಅಂದರೆ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ, ಸ್ವರಗಳ ನಡುವಿನ ಕಕಾರ ಗಕಾರವಾಯಿತು. ‘ಅಮೀಕುಂ’ (ಗೆಳೆಯ) ‘ಅಮೀಗೊ’ ಆದಂತೆ ‘ಪಾಕಾರೆ’ ‘ಪಗಾರ್’ ಆಯಿತು. ಕನ್ನಡದ ‘ಆಗಸ’ದಲ್ಲಿ ಆದದ್ದೂ ಇದೇ. ಫ್ರೆಂಚರು ಇನ್ನೂ ಮುಂದೆ ಹೋಗಿ ಆ ಗಕಾರವನ್ನು ಯಕಾರಕ್ಕೆ ಕರಗಿಸಿದ್ದರಿಂದ ‘ಪೆಯೆ’ ಆಯಿತು. ಅದು ಫ್ರಾನ್ಸಿನಿಂದ ಹೋಗಿ ಇಂಗ್ಲೆಂಡನ್ನು ಗೆದ್ದ ನಾರ್ಮನರ ಜೊತೆ ಅಲ್ಲಿಗೆ ದಾಟಿ ‘ಪೇ’ ಎಂದಾಯಿತು. ತಾಯಿಯಾದ ‘ಪಾಕ್ಸ್’ ಶಬ್ದದ ‘ಪಾಕೆಂ’ ಎಂಬ ರೂಪದಲ್ಲಿ ಕಕಾರದ ಮುಂದೆ ಎಕಾರವಿದ್ದುದರಿಂದ ಅದು ಬೇರೆ ದಾರಿ ಹಿಡಿದು ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನಲ್ಲಿ ‘ಪಾಝ್’ ಎಂದು ಬರೆಯುವ ಪದವೂ, ಇಟಾಲಿಯನ್ನಿನಲ್ಲಿ ‘ಪಾಚೆ’ಯೂ ಆಯಿತು. ಹೀಗೆ ತಾಯಿ ಮಗಳ ಮುಖಗಳು ಬೇರೆಯಾದ್ದರಿಂದ ಇಂದು ಲಿಸ್ಬನ್ನಿನಲ್ಲಿ ಬಿಲ್ಲಿನ ಹಣ ಕೊಡುವವನಿಗೆ ತಾನು ಶಾಂತಿಯ ಶಬ್ದವನ್ನು ಆಡುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಕಾರವಾರದ ಮೀನುಪೇಟೆಯಲ್ಲಿ ಬಂಗಡೆಯ ಬುಟ್ಟಿಗೆ ಒರಗಿಸಿಟ್ಟ ಕ್ಯೂಆರ್ ಫಲಕದ ಮೇಲಿನ ‘ಪೇ’, ಮೀನು ಕೊಳ್ಳಲು ಬಂದವರ ‘ಪಗಾರ ಇನ್ನೂ ಆಗಲಿಲ್ಲ, ಸ್ವಲ್ಪ ಕಡಿಮೆ ಮಾಡು’ ಎಂಬ ಚೌಕಾಶಿ, ಇವೆರಡೂ ಒಂದೇ ಲ್ಯಾಟಿನ್ ಕ್ರಿಯಾಪದದ ಎರಡು ಕವಲುಗಳು. ಒಂದು ಫ್ರಾನ್ಸ್ ಮತ್ತು ಇಂಗ್ಲೆಂಡ್ ಸುತ್ತಿ ಫೋನಿನೊಳಗೆ ಬಂದದ್ದು, ಇನ್ನೊಂದು ಹಡಗು ಹತ್ತಿ ಬಂದದ್ದು.

‘ಪಾಕ್ಸ್’ ಶಬ್ದದ ಮೂಲವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದರ ಧಾತುವಿನ ಅರ್ಥ ‘ಬಿಗಿ, ಕಟ್ಟು, ನೆಡು’. ಶಾಂತಿಯೆಂದರೆ ಮೊದಲಿಗೆ ಎರಡು ಪಕ್ಷಗಳನ್ನು ಕಟ್ಟಿಹಾಕುವ ಒಡಂಬಡಿಕೆ, ನಮ್ಮ ‘ಸಂಧಿ’ ಎಂಬ ಪದದಲ್ಲಿ ‘ಕೂಡಿಸುವಿಕೆ’ ಇರುವಂತೆ. ಸಂಸ್ಕೃತದ ‘ಪಾಶ’ವನ್ನು ಭಾಷಾಶಾಸ್ತ್ರಜ್ಞರು ಇದೇ ಧಾತುವಿಗೆ ಸೇರಿಸುತ್ತಾರೆ. ಪಗಾರವು ಒಂದು ಬಗೆಯ ಪಾಶವೆಂದು ನಿವೃತ್ತರಾದ ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಶಿರಸಿಯಲ್ಲಿ ಪದವಿ ಓದುತ್ತಿದ್ದೇನೆ, ಬಿಡುವಿನಲ್ಲಿ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅದರಲ್ಲಿ ‘ಪಗಾರ್’ ಎಂದರೆ ಹಣ ಕೊಡು, ‘ಅಪಗಾರ್’ ಎಂದರೆ ದೀಪ ಆರಿಸು. ‘ಶಾಂತಿ–ಅಶಾಂತಿ’ಗಳಲ್ಲಿ ಇರುವಂತೆ ಇಲ್ಲಿಯ ‘ಅ’ ನಿಷೇಧಾರ್ಥಕವೇ? ಕರೆಂಟ್ ಬಿಲ್ಲಿಗೆ ‘ಪಗಾರ್’ ಮಾಡದಿದ್ದರೆ ಮನೆ ‘ಅಪಗಾರ್’ ಆಗುತ್ತದೆ ಎಂದು ನಮ್ಮ ಅಣ್ಣ ತಮಾಷೆ ಮಾಡುತ್ತಾನೆ.

ಉತ್ತರ: ಅಣ್ಣನ ಸೂತ್ರ ನೆನಪಿಟ್ಟುಕೊಳ್ಳಲು ಒಳ್ಳೆಯದು, ವ್ಯಾಕರಣಕ್ಕೆ ಒಗ್ಗುವುದಿಲ್ಲ. ಇಲ್ಲಿಯ ‘ಅ’ ಸಂಸ್ಕೃತದ ನಿಷೇಧದ ‘ಅ’ ಅಲ್ಲ. ಲ್ಯಾಟಿನ್ನಿನಲ್ಲಿ ‘ಕಡೆಗೆ’ ಎಂಬ ಅರ್ಥದ ‘ಅದ್’ ಎಂಬ ಉಪಸರ್ಗ ಸವೆದು ಹೀಗಾಗಿದೆ, ಅದು ಕ್ರಿಯೆಗೆ ಒತ್ತನ್ನು ಕೊಡುತ್ತದೆಯೇ ಹೊರತು ಅದನ್ನು ಅಲ್ಲಗಳೆಯುವುದಿಲ್ಲ. ಆದ್ದರಿಂದ ‘ಅಪಗಾರ್’ ಎಂದರೆ ಪೂರ್ತಿಯಾಗಿ ಶಾಂತಗೊಳಿಸು. ಹಣದ ಅರ್ಥ ‘ಪಗಾರ್’ ಅನ್ನು ಆಕ್ರಮಿಸಿಕೊಂಡ ಮೇಲೆ, ‘ಶಾಂತಗೊಳಿಸು’ ಎಂಬ ಹಳೆಯ ಅರ್ಥ ಈ ಉಪಸರ್ಗದ ಮನೆಯಲ್ಲಿ ಆಶ್ರಯ ಪಡೆಯಿತು. ಸ್ಪ್ಯಾನಿಷರು ಬೆಂಕಿಯನ್ನು ‘ಅಪಗಾರ್’ ಮಾಡುತ್ತಾರೆ, ಬಾಯಾರಿಕೆಯನ್ನೂ ‘ಅಪಗಾರ್’ ಮಾಡುತ್ತಾರೆ. ನಮ್ಮಲ್ಲಿಯೂ ಕೆಲವು ಮನೆಗಳಲ್ಲಿ ದೇವರ ದೀಪವನ್ನು ‘ಆರಿಸು’ ಎಂದು ಬಾಯಲ್ಲಿ ಹೇಳಲಾಗದೆ ‘ಶಾಂತ ಮಾಡು’ ಎನ್ನುವುದುಂಟು. ಅವರು ತಿಳಿಯದೆಯೇ ಸ್ಪ್ಯಾನಿಷಿನ ಹಾದಿಯಲ್ಲಿ ನಡೆದಿದ್ದಾರೆ.

ಸ್ಪ್ಯಾನಿಷಿನಲ್ಲಿ ನೀರು ಬೆರೆಸಿದ ಸುಣ್ಣಕ್ಕೂ ‘ಅಪಗಾದಾ’ ಎಂಬ ವಿಶೇಷಣವಿದೆ. ನಿಮ್ಮ ಜಿಲ್ಲೆಯ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡವರಿಗೆ ಈ ವಿಶೇಷಣ ಎಷ್ಟು ಒಪ್ಪುವುದೆಂದು ಗೊತ್ತು. ಸುಟ್ಟ ಚಿಪ್ಪಿಗೆ ನೀರು ಬಿದ್ದೊಡನೆ ಅದು ಬುಸುಗುಟ್ಟಿ, ಬಿಸಿಯಾಗಿ, ಹಬೆ ಕಕ್ಕಿ, ಬಿರಿದು ಪುಡಿಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಕಾವೆಲ್ಲ ಇಳಿದು ಮುಟ್ಟಲು ಬರುವ ಬಿಳಿಯ ಹಿಟ್ಟು ಉಳಿಯುತ್ತದೆ. ಉರಿಯುವ ವಸ್ತು ಸಮಾಧಾನಕ್ಕೆ ಬರುವುದು ಎಂಬ ಮೂಲ ಚಿತ್ರ ಅಲ್ಲಿ ಅಳಿಯದೆ ಉಳಿದಿದೆ.

ಪೋರ್ಚುಗೀಸಿನ ‘ಅಪಗಾರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಅಳಿಸು’ ಎಂಬ ಅರ್ಥವನ್ನೂ ಪಡೆದಿದೆ. ಬ್ರೆಜಿಲಿನ ತರಗತಿಗಳಲ್ಲಿ ಕಪ್ಪುಹಲಗೆ ಒರೆಸುವ ಡಸ್ಟರಿಗೆ ‘ಅಪಗಾದೋರ್’ ಎನ್ನುತ್ತಾರೆ. ದೀಪ ಹೋಗುವುದಕ್ಕೆ ದೊಡ್ಡ ಗಾತ್ರದ ಪ್ರತ್ಯಯ ಹಚ್ಚಿದರೆ ಸ್ಪ್ಯಾನಿಷಿನಲ್ಲಿ ‘ಅಪಗೋನ್’, ಪೋರ್ಚುಗೀಸಿನಲ್ಲಿ ‘ಅಪಗಾಂವ್’, ಅಂದರೆ ಊರಿಗೆ ಊರೇ ಕತ್ತಲಾಗುವುದು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿಗೆ ದೇಶವೇ ವಿದ್ಯುತ್ತಿಲ್ಲದೆ ನಿಂತಾಗ ಪತ್ರಿಕೆಗಳು ಬಳಸಿದ ಮಾತು ಇದೇ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕತ್ತಲಲ್ಲಿ ಕುಳಿತಾಗ ಶಿರಸಿಯವರಾದ ನಿಮಗೆ ಈ ಪದವನ್ನು ಅಭ್ಯಾಸ ಮಾಡಲು ಬೇಕಾದಷ್ಟು ಅವಕಾಶ ಸಿಗುತ್ತದೆ.

ಇಟಾಲಿಯನ್ನಿನ ‘ಅಪ್ಪಗಾರೆ’ ಮಾತ್ರ ದೀಪದ ತಂಟೆಗೆ ಹೋಗಿಲ್ಲ. ಅದಕ್ಕೆ ‘ತೃಪ್ತಿಪಡಿಸು, ಆಸೆ ತೀರಿಸು’ ಎಂದರ್ಥ. ಅದೇ ಭಾಷೆಯಲ್ಲಿ ‘ಪಾಗೊ’ ಎಂಬ ಪುಟ್ಟ ವಿಶೇಷಣವಿದೆ, ತೃಪ್ತನಾದವನು ಎಂದು ಅದರ ಅರ್ಥ, ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಪ್ಯಾನಿಷಿನಲ್ಲಿ ತನ್ನನ್ನು ತಾನೇ ಮೆಚ್ಚಿಕೊಂಡು ಬೀಗುವವನನ್ನು ‘ಪಗಾದೊ ದೆ ಸೀ ಮಿಸ್ಮೊ’ ಎಂದು ಕರೆಯುತ್ತಾರೆ. ಪದಕ್ಕೆ ಪದ ಇಟ್ಟು ‘ತನಗೆ ತಾನೇ ಪಗಾರ ಕೊಟ್ಟುಕೊಂಡವನು’ ಎಂದು ಅನುವಾದಿಸಿದರೆ ನಗು ಬಂದೀತು, ಅರ್ಥ ಬಾರದು. ‘ತನ್ನಿಂದ ತಾನೇ ತೃಪ್ತನಾದವನು’ ಎಂಬುದು ಅದರ ಭಾವ. ಇಂಥ ನುಡಿಗಟ್ಟುಗಳಲ್ಲಿಯೇ ಹಳೆಯ ಅರ್ಥ ಉಳಿದುಕೊಳ್ಳುತ್ತದೆ. ಆದ್ದರಿಂದ ಮೊಬೈಲಿನ ಪಾಠದ ಜೊತೆಗೆ ಒಂದು ಒಳ್ಳೆಯ ನಿಘಂಟನ್ನೂ ಇಟ್ಟುಕೊಳ್ಳಿರಿ, ಪ್ರತಿ ನಮೂದಿನ ಕೊನೆಯ ಸಾಲುಗಳವರೆಗೆ ಓದಿರಿ.

ಪ್ರಶ್ನೆ: ತದಡಿಯಲ್ಲಿ ನಮ್ಮದು ದೋಣಿ ಕಟ್ಟುವ ಮನೆತನ. ಗೋವೆಯ ಗೆಳೆಯರೊಬ್ಬರು ಪೋರ್ಚುಗೀಸಿನ ‘ಪೆಗಾರ್’ ಎಂದರೆ ಹಿಡಿ, ಅಂಟು ಎಂದು ಹೇಳಿದರು. ಇದೂ ‘ಪಗಾರ’ದ ನೆಂಟನೇ?

ಉತ್ತರ: ಅಲ್ಲ. ಆದರೆ ಅದು ನಿಮ್ಮ ಕಸುಬಿಗೆ ನೆಂಟ. ‘ಪೆಗಾರ್’ ಬಂದದ್ದು ‘ಪಿಕಾರೆ’ ಎಂಬ ಬೇರೆ ಲ್ಯಾಟಿನ್ ಕ್ರಿಯಾಪದದಿಂದ. ‘ಪಿಕ್ಸ್’ ಎಂದರೆ ಮರದಿಂದ ತೆಗೆದ ಕಪ್ಪು ಅಂಟು, ಅದನ್ನು ಬಳಿಯುವುದು ‘ಪಿಕಾರೆ’. ಹಲಗೆಗಳ ಸಂದಿಯಲ್ಲಿ ನೀರು ಜಿನುಗದಂತೆ ದೋಣಿಗೂ, ಸೋರದಂತೆ ಮಡಕೆಗೂ ಅದನ್ನು ಬಳಿಯುತ್ತಿದ್ದರು. ಅಂಟು ಬಳಿ ಎಂಬುದರಿಂದ ಅಂಟಿಸು, ಅಂಟಿಸುವುದರಿಂದ ಪೋರ್ಚುಗೀಸಿನ ‘ಹಿಡಿ’ ಮತ್ತು ಸ್ಪ್ಯಾನಿಷಿನ ‘ಹೊಡೆ’ ಎಂಬ ಅರ್ಥಗಳು ಬೆಳೆದವು. ಏಟು ಅಂಟಿಸುವುದು ಎಂಬ ಭಾವ ಇರಬೇಕು. ತಮಾಷೆಯೆಂದರೆ ಇಂಗ್ಲಿಷಿನಲ್ಲಿ ಈ ಎರಡು ಕ್ರಿಯಾಪದಗಳೂ ಫ್ರೆಂಚಿನ ಮೂಲಕ ಬಂದು ‘ಪೇ’ ಎಂಬ ಒಂದೇ ರೂಪಕ್ಕೆ ಇಳಿದಿವೆ. ನಾವಿಕರ ಇಂಗ್ಲಿಷಿನಲ್ಲಿ ಹಡಗಿನ ಸಂದಿಯನ್ನು ‘ಪೇ’ ಮಾಡುವುದು ಎಂದರೆ ಕಾಯಿಸಿದ ಟಾರನ್ನು ಸುರಿದು ಮುಚ್ಚುವುದು, ಹಣದ ಮಾತಲ್ಲ.

ಪ್ರಶ್ನೆ: ಅಂಕೋಲೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಅದರಿಂದ ‘ಸ್ಯಾಲರಿ’ ಬಂತು ಎಂದು ಎಲ್ಲರೂ ಬರೆಯುತ್ತಾರೆ. ಹಾಗಿದ್ದರೆ ‘ಪಾಕಾರೆ’ಗೆ ಮೊದಲು ಲ್ಯಾಟಿನ್ನಿನಲ್ಲಿ ‘ಹಣ ಕೊಡು’ ಎನ್ನಲು ಶಬ್ದವೇ ಇರಲಿಲ್ಲವೇ? ರೋಮಾನ್ಸ್ ಭಾಷೆಗಳೆಲ್ಲವೂ ‘ಪಾಕಾರೆ’ಯನ್ನೇ ಹಿಡಿದವೇ?

ಉತ್ತರ: ‘ಸಲಾರಿಯುಂ’ ಎಂಬ ಲ್ಯಾಟಿನ್ ಪದದಲ್ಲಿ ಉಪ್ಪಿನ ‘ಸಾಲ್’ ಇರುವುದು ನಿಜ, ಭತ್ಯೆ ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿದ್ದುದೂ ನಿಜ. ಆದರೆ ಸೈನಿಕನ ಕೈಗೆ ಉಪ್ಪು ಅಳೆದು ಕೊಡುತ್ತಿದ್ದರು ಎನ್ನಲು ಪ್ರಾಚೀನರ ಸಾಕ್ಷ್ಯವಿಲ್ಲ, ಅದು ಅನಂತರದವರು ಪದವನ್ನು ನೋಡಿ ಹೆಣೆದ ಊಹೆ. ಅಗಸ್ಟಸನ ಕಾಲದ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ದಿನಾರಿಗಳು ಸಿಗುತ್ತಿದ್ದವು, ಬೆಳ್ಳಿಯ ನಾಣ್ಯದಲ್ಲಿ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಎಳೆಯುವವರು ಕೂಡ ಉಪ್ಪನ್ನೇ ಕೂಲಿಯಾಗಿ ಕೊಟ್ಟರೆ ಒಪ್ಪಲಿಕ್ಕಿಲ್ಲ. ಸೈನಿಕನ ಆ ಹಣದ ನಿಜವಾದ ಹೆಸರು ‘ಸ್ತಿಪೆಂದಿಯುಂ’; ಅದರ ಉತ್ತರಾರ್ಧದಲ್ಲಿರುವುದು ‘ತೂಗು’ ಎಂಬ ಅರ್ಥದ ‘ಪೆಂದೆರೆ’, ಲೋಹವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದ ಕಾಲದ ನೆನಪು. ನಿಮ್ಮ ಸಂಶೋಧನ ವಿದ್ಯಾರ್ಥಿಗಳ ‘ಸ್ಟೈಪೆಂಡ್’ ಅದೇ.

ಸಾಲ ತೀರಿಸುವುದಕ್ಕೆ ಲ್ಯಾಟಿನ್ನಿನ ಗೌರವದ ಮಾತು ‘ಸೊಲ್ವೆರೆ’, ಅಂದರೆ ಬಿಚ್ಚು, ಸಡಿಲಿಸು. ಕಟ್ಟಿನಲ್ಲಿದ್ದವನನ್ನು ಬಿಚ್ಚುವುದು ಸಾಲ ತೀರಿಸುವುದು. ‘ಋಣಮುಕ್ತ’ ಎನ್ನುವಾಗ ನಾವು ಆಡುವುದೂ ಇದನ್ನೇ. ಅಚ್ಚಗನ್ನಡದಲ್ಲಿ ‘ತೆರು’ ಇದೆ, ‘ತೆರಿಗೆ’ ಅದರ ಮಗಳು. ‘ತೀರಿಸು’ ಇದೆ, ಅಲ್ಲಿ ಸಾಲದ ಕೊನೆಯೇ ಮುಖ್ಯ. ಇಷ್ಟು ಒಳ್ಳೆಯ ಪದಗಳಿದ್ದರೂ ಆಡುಮಾತಿನ ಲ್ಯಾಟಿನ್ ಹೊಸದೊಂದನ್ನು ಆರಿಸಿತು. ‘ಸೊಲ್ವೆರೆ’ಯ ರೂಪಾವಳಿ ಕಷ್ಟದ್ದು, ಅದರ ಭೂತಕೃದಂತ ಬೇರೆಯೇ ಮುಖ ತೋರುತ್ತದೆ, ‘ಪಾಕಾರೆ’ ಆರಂಭದಿಂದ ಕೊನೆಯವರೆಗೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ‘ಸೊಲ್ವೆರೆ’ ಸಾಲ ತೀರಿಸಿದವನ ಬಿಡುಗಡೆಯನ್ನು ಹೇಳುತ್ತದೆ, ‘ಪಾಕಾರೆ’ ಸಾಲ ಕೊಟ್ಟವನ ಸಮಾಧಾನವನ್ನು ಹೇಳುತ್ತದೆ. ಅರಸನ ಕಾನೂನು ದೂರವಾಗಿ, ಸಾಲ ಕೊಟ್ಟವನ ದೊಣ್ಣೆ ಹತ್ತಿರವಾದ ಕಾಲದಲ್ಲಿ ಎರಡನೆಯದು ಗೆದ್ದದ್ದು ಸಹಜವೆಂದು ನನಗೆ ತೋರುತ್ತದೆ.

ಎಲ್ಲ ಸೋದರ ಭಾಷೆಗಳೂ ಹೀಗೆ ಮಾಡಲಿಲ್ಲ, ಇದಕ್ಕೆ ರೊಮೇನಿಯನ್ ಸಾಕ್ಷಿ. ಅಲ್ಲಿ ‘ಹಣ ಕೊಡು’ ಎನ್ನಲು ‘ಪ್ಲತೀ’ ಎಂಬ ಕ್ರಿಯಾಪದವಿದೆ, ಅದು ನೆರೆಯ ಸ್ಲಾವಿಕ್ ಭಾಷೆಗಳಿಂದ ಪಡೆದದ್ದು; ಆ ಸ್ಲಾವಿಕ್ ಪದವನ್ನು ಬಟ್ಟೆಯ ಹೆಸರಿಗೆ ಜೋಡಿಸುತ್ತಾರೆ, ಬಟ್ಟೆಯ ತುಂಡು ಹಣದಂತೆ ಚಲಾವಣೆಯಲ್ಲಿದ್ದ ಕಾಲದಿಂದ ಬಂದ ಮಾತೆಂದು. ಹಣದ ಕೆಲಸಕ್ಕೆ ಹೊರಗಿನವನು ಸಿಕ್ಕಿದ್ದರಿಂದ ಶಾಂತಿಯ ಶಬ್ದ ಅಲ್ಲಿ ಆ ಕೆಲಸಕ್ಕೆ ಇಳಿಯಬೇಕಾಗಲಿಲ್ಲ. ‘ಪಾಕ್ಸ್’ ಬಳಗದ ‘ಇಂಪಕಾ’ ರೊಮೇನಿಯನ್ನಿನಲ್ಲಿ ಇಂದಿಗೂ ‘ರಾಜಿ ಮಾಡಿಸು, ಜಗಳ ಬಿಡಿಸು’ ಎಂದೇ ಅರ್ಥ ಕೊಡುತ್ತದೆ. ಮುನಿಸಿಕೊಂಡ ಗಂಡ ಹೆಂಡತಿ ಮತ್ತೆ ಒಂದಾದರೆ ಅದೇ ಕ್ರಿಯಾಪದ. ಕಕಾರ ಗಕಾರವಾಗದೆ ಉಳಿದಿರುವುದನ್ನೂ ಗಮನಿಸಿರಿ. ‘ಆಡು’ ಎಂಬ ಅರ್ಥದ ಲ್ಯಾಟಿನ್ ‘ಯೊಕಾರೆ’ ಪೋರ್ಚುಗೀಸಿನಲ್ಲಿ ‘ಝೊಗಾರ್’ ಆದರೆ ರೊಮೇನಿಯನ್ನಿನಲ್ಲಿ ‘ಝುಕಾ’ ಆಗಿರುವುದೂ ಇದೇ ನಿಯಮದಂತೆ. ತರಗತಿಯಲ್ಲಿ ಉಪ್ಪಿನ ಕಥೆಯನ್ನು ಬಿಟ್ಟು ಈ ಜೋಡಿಗಳನ್ನು ಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಹೆಚ್ಚು ಪ್ರಯೋಜನವಾದೀತು.

ಪ್ರಶ್ನೆ: ಕುಮಟೆಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು ಪ್ರಬಂಧದಲ್ಲಿ ‘ಅಪ್ಪನ ಪಗಾರ’ ಎಂದು ಬರೆದರೆ ‘ವೇತನ’ ಎಂದು ತಿದ್ದಬೇಕೇ?

ಉತ್ತರ: ತಿದ್ದಬೇಡಿ. ‘ಪಗಾರ, ಪಗಾರದ, ಪಗಾರಕ್ಕೆ’ ಎಂದು ಅದು ‘ಮರ, ಮರದ, ಮರಕ್ಕೆ’ ಎಂಬಂತೆ ಕನ್ನಡದ ವಿಭಕ್ತಿಗಳನ್ನೆಲ್ಲ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ‘ಪಗಾರದಾರ’ ಎಂದು ಪ್ರತ್ಯಯವನ್ನೂ ಹೊರುತ್ತದೆ. ಸರಕಾರಿ ಅರ್ಜಿಯನ್ನು ತುಂಬುವಾಗ ‘ವೇತನ’ ಎಂದೇ ಬರೆಯಬೇಕೆಂದು ಹೇಳಿಕೊಡಿ, ಏಕೆಂದರೆ ಅಲ್ಲಿ ಅದು ಗೊತ್ತುಮಾಡಿದ ಶಬ್ದ. ಪ್ರಬಂಧದಲ್ಲಿ ಮಗು ಮನೆಯ ಮಾತನ್ನು ಬರೆದಿದೆ. ಕಾಗುಣಿತ ಸರಿಯಿದ್ದರೆ ಪೂರ್ಣ ಅಂಕ ಕೊಡಿ, ‘ಪಾಗರ’ ಎಂದು ದೀರ್ಘವನ್ನು ಸ್ಥಳ ತಪ್ಪಿಸಿದ್ದರೆ ಅದನ್ನಷ್ಟೇ ತಿದ್ದಿ.